ಅವ್ವನಿಗೆ, ಲೀಡ್ಸ್‌ನಿಂದ

ಲೀಡ್ಸ್, ಇಂಗ್ಲೆಂಡ್, ನವೆಂಬರ್ 16

ಮಾತೃಶ್ರೀ ಅವ್ವನಿಗೆ ನಿನ್ನ ಮಗಳ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಗುಂಡ, ಪುಟ್ಟಿ, ಚಿಕ್ಕಮ್ಮ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಪುಟ್ಟಿಯ ಪತ್ರ ಮೊನ್ನೆ ಕೈಸೇರಿತು. ನೀನು ಪಕ್ಕದಲ್ಲೇ ಕುಳಿತಿರುವುದರಿಂದ ಫೋನಿನಲ್ಲಿ ಹೇಳಲಾಗದ್ದನ್ನೆಲ್ಲ ಅವಳು ನಾಲ್ಕು ಪುಟಗಳಲ್ಲಿ ಬರೆದಿದ್ದಾಳೆ. ಬಲಗಣ್ಣಿನ ಪೊರೆ ಹೆಚ್ಚಾಗಿದೆಯಂತೆ, ದೀಪದ ಸುತ್ತ ಬಳೆಯಂತೆ ಬೆಳಕು ಕಾಣುತ್ತದೆಯಂತೆ, ದಸರೆಯಿಂದೀಚೆಗೆ ನೀನು ಸೂಜಿಯನ್ನೇ ಮುಟ್ಟಿಲ್ಲವಂತೆ. ಡಾಕ್ಟರು ಎರಡು ಸಲ ದಿನ ಗೊತ್ತುಮಾಡಿದರೂ ‘ಪೊರೆ ಇನ್ನೂ ಹಣ್ಣಾಗಲಿ, ಮಗಳು ಬಂದ ಮೇಲೆ ನೋಡೋಣ’ ಎಂದು ಹಿಂದಕ್ಕೆ ಕಳಿಸಿದೆಯಂತೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವ್ವಾ, ಪೊರೆ ಹಣ್ಣಾಗುವವರೆಗೆ ಕಾಯಬೇಕೆಂಬುದು ಅಜ್ಜಿಯ ಕಾಲದ ಮಾತು. ಆಗಿನ ಶಸ್ತ್ರಚಿಕಿತ್ಸೆಗೆ ಅದು ಸರಿಯಿದ್ದಿರಬಹುದು. ಈಗ ಮಸುಕಾದ ಮಸೂರವನ್ನು ಚಿಕ್ಕದೊಂದು ರಂಧ್ರದ ಮೂಲಕ ಕರಗಿಸಿ ತೆಗೆದು, ಅದೇ ಜಾಗದಲ್ಲಿ ಕೃತಕ ಮಸೂರ ಕೂರಿಸುತ್ತಾರೆ. ಪೊರೆ ಗಟ್ಟಿಯಾದಷ್ಟೂ ಈ ಕೆಲಸ ಕಷ್ಟವಾಗುತ್ತದೆಯೇ ಹೊರತು ಸುಲಭವಾಗುವುದಿಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅದೇ ದಿನ ಮನೆಗೆ ಕಳಿಸುತ್ತಾರೆ, ಆಮೇಲೆ ಕೆಲವು ವಾರ ಹನಿ ಹಾಕಿಕೊಳ್ಳಬೇಕು. ಗುಂಡನು ಒಂದು ಮಾತನ್ನು ಮರೆಯದೆ ಡಾಕ್ಟರಿಗೆ ಹೇಳಬೇಕು: ನೀನು ಎಳೆ ಎಣಿಸಿ ಹೊಲಿಯುವವಳು ಎಂಬುದನ್ನು ಮೊದಲೇ ತಿಳಿಸಿದರೆ, ದೂರದ ನೋಟಕ್ಕೆ ಹೊಂದುವ ಮಸೂರ ಒಳ್ಳೆಯದೋ ಹತ್ತಿರದ ಕೆಲಸಕ್ಕೆ ಹೊಂದುವುದು ಒಳ್ಳೆಯದೋ ಎಂದು ಅವರು ಯೋಚಿಸಿ ಆರಿಸುತ್ತಾರೆ. ಚಿಕಿತ್ಸೆಗೆ ಮುಂಚೆ ಸಕ್ಕರೆಯ ಪರೀಕ್ಷೆಯೂ ಆಗಲಿ.

ನಿನ್ನ ಕಣ್ಣಿನ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಇನ್ನೊಂದು ಕಾರಣವಿದೆ, ಅದನ್ನು ಈವರೆಗೆ ನಿನಗೆ ಸರಿಯಾಗಿ ಹೇಳಿಲ್ಲ. ಮಾರ್ಚಿನಲ್ಲಿ ಅಪ್ಪ ಹೋದಾಗ ನಾನು ಮೂರನೆಯ ದಿನ ಬಂದು ಮುಟ್ಟಿದೆ, ಮುಖ ನೋಡಲಾಗಲಿಲ್ಲ. ಇಲ್ಲಿಗೆ ಮರಳಿದ ಎರಡೇ ತಿಂಗಳಿಗೆ ಕೆಲಸವೂ ಹೋಯಿತು. ನಿಮಗೆ ‘ರಜೆ ಹಾಕಿದ್ದೇನೆ’ ಎಂದು ಹೇಳಿದ ದಿನಗಳೆಲ್ಲ ಅವೇ. ಆ ಸುಳ್ಳಿಗೆ ಕ್ಷಮಿಸು. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಹಗಲಿರುತ್ತದೆ, ಎಲ್ಲರೂ ಉದ್ಯಾನಗಳಲ್ಲಿ ಹುಲ್ಲಿನ ಮೇಲೆ ಮೈಚಾಚಿಕೊಂಡಿರುತ್ತಾರೆ. ನಾನು ಪರದೆ ಎಳೆದುಕೊಂಡು ಒಳಗೆ ಮಲಗಿರುತ್ತಿದ್ದೆ.

ಜುಲೈಯಲ್ಲಿ ಒಂದು ದಿನ ಪೆಟ್ಟಿಗೆಯ ಅಡಿಯಲ್ಲಿ ಆ ಬಟ್ಟೆ ಸಿಕ್ಕಿತು. ನಾನು ಹೊರಡುವಾಗ ನನಗೆ ಹೇಳದೆಯೇ ನೀನು ಮಡಿಸಿಟ್ಟ ಇಳಕಲ್ ಸೆರಗಿನ ತುಂಡು, ಅದರ ಮೇಲೆ ಅರ್ಧ ಮುಗಿದ ತೇರು, ಸೂಜಿ ಕೂಡ ಅಲ್ಲೇ ಸಿಕ್ಕಿಸಿದ್ದು. ಅಪ್ಪನ ಕಾಯಿಲೆ ಹೆಚ್ಚಾದ ದಿನ ನೀನು ಅದನ್ನು ಅಲ್ಲಿಗೇ ಬಿಟ್ಟಿದ್ದೆ ಎಂದು ಪುಟ್ಟಿ ಆಮೇಲೆ ಹೇಳಿದಳು. ಇಪ್ಪತ್ತು ವರ್ಷಗಳಿಂದ ಮುಟ್ಟದ ಕಸೂತಿಯನ್ನು ಕೈಗೆತ್ತಿಕೊಂಡಾಗ ಗವಂತಿ ಹೊಲಿಗೆ ಮೊದಲು ನೆನಪಾಯಿತು: ಒಂದು ಎಳೆ ಬಿಟ್ಟು ಒಂದು ಹಾಕುತ್ತ ಹೋಗಿ, ಬಂದ ದಾರಿಯಲ್ಲೇ ಮರಳುತ್ತ ಬಿಟ್ಟ ಜಾಗಗಳನ್ನು ತುಂಬುವುದು, ಎಲ್ಲಿಯೂ ಗಂಟು ಬೀಳದಂತೆ. ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಮುರ್ಗಿ ಹೊಲಿಗೆ ಮರಳಲು ಒಂದು ವಾರ ಬೇಕಾಯಿತು. ನೇಯ್ದಂತೆ ಕಾಣುವ ನೇಗಿ ಇನ್ನೂ ನೆಟ್ಟಗಾಗಿಲ್ಲ.

ನಮ್ಮ ಓಣಿಯ ಗ್ರಂಥಾಲಯದಲ್ಲಿ ಮಂಗಳವಾರ ಮಧ್ಯಾಹ್ನ ಹೊಲಿಗೆಯವರು ಸೇರುತ್ತಾರೆ. ಹತ್ತು ಹನ್ನೆರಡು ಜನ, ಸಕ್ಕರೆಯಿಲ್ಲದ ಚಹಾ, ಮೊದಲ ಕಾಲು ಗಂಟೆ ಕಡ್ಡಾಯವಾಗಿ ಮಳೆಯ ಮಾತು. ಇದು ಒಂದು ಕಾಲಕ್ಕೆ ಉಣ್ಣೆಯ ಬಟ್ಟೆಗೆ ಹೆಸರಾದ ಊರು. ಇವರಿಗೆ ಬಟ್ಟೆಯ ಬೆಲೆ ಗೊತ್ತಿಲ್ಲವೆಂದು ಅಲ್ಲಿ ಯಾರೂ ಹೇಳಬಾರದು. ನಾನು ಬಟ್ಟೆ ಬಿಚ್ಚಿದಾಗ ಎಂಬತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರು ತೇರನ್ನು ನೋಡುವ ಮೊದಲೇ ಬಟ್ಟೆಯನ್ನು ತಿರುಗಿಸಿ ಹಿಂಬದಿಯನ್ನು ನೋಡಿದರು, ಥೇಟ್ ನಿನ್ನಂತೆ! ನನಗೆ ಅಲ್ಲಿಯೇ ಅಳು ಬಂತು. ಅವರು ಯಾಕೆಂದು ಕೇಳಲಿಲ್ಲ, ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು ತಮ್ಮ ಹೊಲಿಗೆ ಮುಂದುವರಿಸಿದರು.

ನಮ್ಮ ಗವಂತಿಯೇ ಇವರಲ್ಲಿಯೂ ಇದೆ, ಅವ್ವಾ. ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಹೋಲ್ಬೈನ್ ಎಂಟನೇ ಹೆನ್ರಿಯ ಆಸ್ಥಾನದ ಚಿತ್ರಕಾರ, 1543ರಲ್ಲಿ ತೀರಿಕೊಂಡವನು. ಅವನು ಬರೆದ ರಾಣಿ ಜೇನ್ ಸೀಮೂರಳ ಚಿತ್ರದಲ್ಲಿ ತೋಳಿನ ಅಂಚಿಗೆ ಬಿಳಿಯ ಮೇಲೆ ಕಪ್ಪು ದಾರದ ಈ ಕೆಲಸ ಸ್ಪಷ್ಟವಾಗಿ ಕಾಣುತ್ತದೆ. ತೋಳಿನ ಅಂಚಿನ ಒಳಮೈಯೂ ಹೊರಮೈಯೂ ಕಣ್ಣಿಗೆ ಬೀಳುವುದರಿಂದ ಎರಡೂ ಕಡೆ ಒಂದೇ ಸಮನಾಗಿರಬೇಕು, ನಮ್ಮ ಸೆರಗಿನ ಹಾಗೆ. ನಾನು ಅವರಿಗೆ ನಮ್ಮ ಕಪ್ಪು ಚಂದ್ರಕಾಳಿ ಸೀರೆಯನ್ನೂ, ಧಾರವಾಡದ ಕಡೆ ಮದುವಣಗಿತ್ತಿಗೆ ಅದನ್ನು ಕೊಡುತ್ತಿದ್ದುದನ್ನೂ, ಗೋಪುರ, ತುಳಸಿಕಟ್ಟೆ, ಆನೆ ಅಂಬಾರಿಗಳನ್ನು ಬಟ್ಟೆಯ ಮೇಲೆ ಗೆರೆ ಬರೆಯದೆ ಬರೀ ಎಳೆ ಎಣಿಸಿಯೇ ಮೂಡಿಸುವುದನ್ನೂ ವಿವರಿಸಿದೆ. ಈಗ ನಾಲ್ವರು ಗವಂತಿ ಕಲಿಯುತ್ತಿದ್ದಾರೆ. ‘ಇದನ್ನು ನಿನಗೆ ಯಾರು ಕಲಿಸಿದರು?’ ಎಂದು ಪ್ರತಿ ವಾರ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಹತ್ತನೆಯ ವಯಸ್ಸಿನಲ್ಲಿ ಬೆರಳಿಗೆ ಸೂಜಿ ಚುಚ್ಚಿತೆಂದು ಸಿಡುಕಿ ಬಟ್ಟೆ ಎಸೆದವಳಿಗೆ, ಅದನ್ನು ಎತ್ತಿ ತಂದು ಮತ್ತೆ ಮಡಿಲಲ್ಲಿಟ್ಟವಳು ನೀನು. ಆಗ ಹೇಳದ ಕೃತಜ್ಞತೆಯನ್ನು ಈಗ ಹೇಳುತ್ತಿದ್ದೇನೆ.

ಆ ಶಿಕ್ಷಕಿಗೂ ಹಿಂದಿನ ವರ್ಷ ಎರಡೂ ಕಣ್ಣಿನ ಪೊರೆ ತೆಗೆದಿದ್ದಾರೆ. ಬಿಳಿಯ ಬಣ್ಣ ಹಳದಿಯಾಗಿಬಿಟ್ಟಿದ್ದುದು ತಮಗೇ ಗೊತ್ತಿರಲಿಲ್ಲ, ಚಿಕಿತ್ಸೆಯ ಮರುದಿನ ಮನೆಯ ಗೋಡೆ ನೋಡಿ ಬೆರಗಾದೆ ಎಂದರು. ಈಗ ನನ್ನ ಸೂಜಿಗೂ ಅವರೇ ದಾರ ಪೋಣಿಸಿ ಕೊಡುತ್ತಾರೆ.

ನನ್ನ ಬಗ್ಗೆ ಚಿಂತೆ ಬೇಡ. ಸೆಪ್ಟೆಂಬರಿನಿಂದ ಹೊಸ ಕೆಲಸ ಸಿಕ್ಕಿದೆ, ಒಳ್ಳೆಯ ಕೆಲಸ, ಒಳ್ಳೆಯ ಜನ. ಮೂರು ಹೊತ್ತೂ ಬಿಸಿ ಊಟ ಮಾಡುತ್ತೇನೆ, ಎರಡು ಸ್ವೆಟರು ಹಾಕಿಕೊಳ್ಳುತ್ತೇನೆ, ನೆಗಡಿ ಕೂಡ ಬಂದಿಲ್ಲ. ಚಿಕಿತ್ಸೆಯ ಹಣವನ್ನು ಗುಂಡನ ಖಾತೆಗೆ ನಿನ್ನೆಯೇ ಹಾಕಿದ್ದೇನೆ, ಸ್ವಲ್ಪ ಹೆಚ್ಚೇ ಹಾಕಿದ್ದೇನೆ, ಸಾಲ ಮಾಡಿಲ್ಲ, ಆಣೆಯಿಟ್ಟು ಹೇಳುತ್ತೇನೆ. ನನಗೆ ಸಂಕ್ರಾಂತಿಗೆ ರಜೆ ಸಿಕ್ಕರೆ ಬರುತ್ತೇನೆ. ಆದರೆ ನನಗಾಗಿ ನೀನು ಕಾಯಬಾರದು. ಈ ತಿಂಗಳೊಳಗೆ ದಿನ ಗೊತ್ತುಮಾಡಿರಿ. ಚಿಕಿತ್ಸೆಯಾದ ಮೇಲೆ ಕಣ್ಣು ಉಜ್ಜಬೇಡ, ಕೊಡ ಎತ್ತಬೇಡ, ಡಾಕ್ಟರು ಹೇಳುವವರೆಗೆ ತಲೆಗೆ ನೀರು ಹಾಕಿಕೊಳ್ಳಬೇಡ. ಚಿಕ್ಕಮ್ಮ ಹತ್ತು ದಿನ ಬಂದಿರಲಿ.

ತೇರಿನ ಬಟ್ಟೆಯನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಎಡಗಾಲಿಯಲ್ಲಿ ಒಂದು ಎಳೆ ತಪ್ಪಿದೆ, ಎಲ್ಲಿ ತಪ್ಪಿತೆಂದು ಮೂರು ದಿನ ಎಣಿಸಿದರೂ ನನಗೆ ಸಿಕ್ಕಲಿಲ್ಲ. ಹಿಂಬದಿಯನ್ನು ಈಗಲೇ ಹೆಬ್ಬೆರಳಿನಿಂದ ಸವರಿ ನೋಡು, ಗಂಟು ಒಂದೂ ಇಲ್ಲ. ತಪ್ಪಿದ ಎಳೆಯನ್ನು ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಹುಡುಕು.

ನಾಲ್ಕು ಗಂಟೆಗೇ ಕತ್ತಲಾಗಿದೆ, ಅಂಚೆ ಕಚೇರಿ ಮುಚ್ಚುವುದರೊಳಗೆ ಓಡಬೇಕು. ಪುಟ್ಟಿಯನ್ನು ಬೈಯಬೇಡ, ಪತ್ರ ಬರೆದು ಒಳ್ಳೆಯದನ್ನೇ ಮಾಡಿದಳು. ದಿನ ಗೊತ್ತಾದ ಕೂಡಲೇ ಗುಂಡ ಫೋನ್ ಮಾಡಲಿ, ಎಷ್ಟು ಹೊತ್ತಾದರೂ ಸರಿ.

ನಿನ್ನ ಮಗಳು