ಕುಂಬಳೆಯ ಆ ಅಣ್ಣನಿಗೆ ಥ್ಯಾಂಕ್ಸ್

ಹೆಸರು ಹಾಕಬೇಡ ಎಂದಿದ್ದೀರಿ, ಹಾಕುವುದಿಲ್ಲ. ಆದರೆ ಥ್ಯಾಂಕ್ಸ್ ಹೇಳದೆ ಇರುವುದು ಹೇಗೆ ಅಣ್ಣಾ?

ಪೆರ್ಲದ ನಮ್ಮ ಯಕ್ಷಗಾನ ಸಂಘಕ್ಕೆ ವೆಬ್‌ಸೈಟ್ ಬೇಕಿತ್ತು. ಇದ್ದದ್ದು ಹಳೇ ಲ್ಯಾಪ್‌ಟಾಪ್. ಡೇಟಾಬೇಸ್ ಇಟ್ಟುಕೊಂಡು ಸೈಟ್ ನಡೆಸುವ ವರ್ಡ್‌ಪ್ರೆಸ್ ಹಾಕೋಣ ಎಂದು ನಾನು ಹೊರಟಾಗ, "ಆಟದ ದಿನ, ಜಾಗ, ಕಲಾವಿದರ ಹೆಸರು. ಇಷ್ಟಕ್ಕೆ ಡೇಟಾಬೇಸ್ ಯಾಕೆ ಮಾರಾಯ?" ಎಂದು ಕೇಳಿ ಹ್ಯೂಗೋ ಎಂಬ ಸೈಟ್ ಕಟ್ಟುವ ತಂತ್ರಾಂಶ ತೋರಿಸಿದಿರಿ. ಬರೆದದ್ದನ್ನೆಲ್ಲ ಅದು ಸಾದಾ ಎಚ್‌ಟಿಎಂಎಲ್ ಫೈಲ್ ಮಾಡಿ ಕೊಡುತ್ತದೆ. ನೆಟ್ ಸರಿಯಾಗಿ ಸಿಗದ ನಮ್ಮ ಗುಡ್ಡದ ಬದಿಯಲ್ಲೂ ಪುಟ ಬೇಗ ತೆರೆಯುತ್ತದೆ. ಬರೆಯಲು ವಿಎಸ್‌ಕೋಡಿಯಂ ಎಂಬ ಎಡಿಟರ್: ಮೈಕ್ರೋಸಾಫ್ಟ್‌ನ ವಿಎಸ್ ಕೋಡ್ ಎಡಿಟರ್‌ನದ್ದೇ ಸೋರ್ಸ್, ಮೈಕ್ರೋಸಾಫ್ಟ್‌ಗೆ ಮಾಹಿತಿ ಕಳಿಸುವುದು ಆಫ್. ಫೈಲ್‌ಗಳ ಬದಲಾವಣೆಯ ಲೆಕ್ಕ ಇಡುವ ಗಿಟ್‌ನಲ್ಲಿ ನನಗೆ ಈಗಲೂ ಕಮಿಟ್ (ಬದಲಾವಣೆ ದಾಖಲಿಸುವುದು), ಪುಶ್ (ಸರ್ವರ್‌ಗೆ ಕಳಿಸುವುದು) ಬಿಟ್ಟರೆ ಜಾಸ್ತಿ ಗೊತ್ತಿಲ್ಲ. ಸಾಕು ಅಲ್ವಾ?

ದೊಡ್ಡ ಉಪಕಾರ ಕನ್ನಡದ್ದು. ಸಂಘದ ಹಳೇ ಕರಪತ್ರಗಳೆಲ್ಲ ನುಡಿ ತಂತ್ರಾಂಶದ ಆಸ್ಕಿ ಅಕ್ಷರದಲ್ಲಿದ್ದವು, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ರೂಪ ಕೂರಿಸಿದ ಹಳೇ ಪದ್ಧತಿ. ಪುಟಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನೀವು ಎಲ್ಲವನ್ನೂ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಖ್ಯೆ ಇರುವ ಯೂನಿಕೋಡ್‌ಗೆ ಬದಲಿಸಿದಿರಿ. ಪುಟದ ತಲೆಭಾಗಕ್ಕೆ, ಅಕ್ಷರ ಹೇಗೆ ಓದಬೇಕೆಂದು ಬ್ರೌಸರ್‌ಗೆ ತಿಳಿಸುವ ಯುಟಿಎಫ್-8ರ ಸಾಲು ಸೇರಿಸಿ, ನೋಟೋ ಸಾನ್ಸ್ ಕನ್ನಡ ಫಾಂಟ್ ಕೂರಿಸಿದಿರಿ. ಬದಲಿಸುವಾಗ ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿತ್ತು. 'ಪೆರ್ಲ'ವೇ ಕೆಟ್ಟಿತ್ತು! ಒಂದೊಂದನ್ನೇ ಹುಡುಕಿ ತಿದ್ದಿದಿರಿ. ಅಷ್ಟು ತಾಳ್ಮೆ ನನಗಂತೂ ಇಲ್ಲ.

ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಮುಂದಿನ ಆಟಕ್ಕೆ ಮನೆಯವರನ್ನೂ ಕರಕೊಂಡು ಬನ್ನಿ. ಊಟ ನಮ್ಮದು.