ಪುಟ್ಟಿ, ಮಾತ್ರೆ ಮಾತ್ರ ಬಿಡ್ಬೇಡ

ಪುಟ್ಟಿ,

ಕರ್ತನ ನಾಮದಲ್ಲಿ ದೊಡ್ಡಮ್ಮನ ವಂದನೆ. ನಿನ್ನೆ ನಿಮ್ಮಮ್ಮ ಫೋನ್ ಮಾಡಿ ಅಳ್ತಾ ಅಳ್ತಾ ಎಲ್ಲ ಹೇಳಿದ್ಳು. ಎರಡು ತಿಂಗಳು ಟಿಬಿ ಮಾತ್ರೆ ತಗೊಂಡು ಕೆಮ್ಮು ನಿಂತಿದೆ, ಸ್ವಲ್ಪ ಮೈ ಹಿಡಿದಿದ್ದೀಯ, ಅದಕ್ಕೆ ಸ್ತೋತ್ರ. ಆದ್ರೆ ಪ್ರೇಯರ್ ಮೀಟಿಂಗಲ್ಲಿ ಯಾರೋ 'ಸ್ವಸ್ಥತೆ ಸಿಕ್ಕಾಯ್ತಲ್ಲ ಸಿಸ್ಟರ್, ಇನ್ನೂ ಮಾತ್ರೆ ನುಂಗಿದ್ರೆ ಅದು ಅವಿಶ್ವಾಸ' ಅಂದ್ರಂತೆ, ನೀನು ನಾಲ್ಕು ದಿನದಿಂದ ಶೀಟ್ ಮುಟ್ಟಿಲ್ವಂತೆ. ಹೌದಾ? ಹೌದಾದ್ರೆ ಇದನ್ನ ಇಲ್ಲಿಗೇ ಬಿಟ್ಟು ಮೊದಲು ಡಾಕ್ಟರಿಗೆ ಫೋನ್ ಮಾಡಿ ನಾಲ್ಕು ದಿನ ತಪ್ಪಿದೆ ಏನ್ ಮಾಡ್ಲಿ ಅಂತ ಕೇಳು, ಆಮೇಲೆ ಓದು.

ನಿಮ್ ತಾತಂಗೂ ಇದೇ ಬಂದಿತ್ತು, 1968ರಲ್ಲಿ, ನನಗಾಗ ಹತ್ತು ವರ್ಷ. ಮೈಸೂರಲ್ಲಿ ಕೆಆರ್‌ಎಸ್ ರೋಡಲ್ಲಿ ಪಿಕೆಟಿಬಿ ಆಸ್ಪತ್ರೆ ಇದೆಯಲ್ಲ, ಅದು ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಲ್ಲಿರೋದು, ಆ ತಾಯಿ ಅವರ ಮೂರು ಹೆಣ್ಮಕ್ಕಳು ಎಲ್ಲ ಇದೇ ಕಾಯಿಲೇಲಿ ಹೋದ್ರು. ಅರಮನೇಲಿ ಏನಿಲ್ಲ ಹೇಳು, ಔಷಧಿ ಒಂದಿರ್ಲಿಲ್ಲ. ಟಿಬಿ ಔಷಧಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದಿದ್ದೇ 1943ರಲ್ಲಿ. ನಮ್ಮಪ್ಪಂಗೆ ಅದೇ ಇಂಜೆಕ್ಷನ್ನು, ಜೊತೆಗೆ ಮಾತ್ರೆ, ಒಂದೂವರೆ ವರ್ಷ. ದಿನಾ ರಾತ್ರಿ ಏಳೂವರೆಗೆ ಚಾಪೆ ಹಾಸಿ ಕುಟುಂಬ ಪ್ರಾರ್ಥನೆ, ಅಮ್ಮ ಬೈಬಲಿನ 103ನೇ ಕೀರ್ತನೆ ಓದೋಳು, ಆಮೆನ್ ಅಂದ ತಕ್ಷಣ ಅದೇ ಚಾಪೆ ಮೇಲೆ ಅಪ್ಪನ ಕೈಗೆ ಮಾತ್ರೆ, ಒಂದು ಬೇಯಿಸಿದ ಮೊಟ್ಟೆ. ನಾವು ಮೂರು ಮಕ್ಕಳು ಆ ಮೊಟ್ಟೇನೇ ನೋಡ್ತಾ ಕೂತಿರೋರು, ಅಪ್ಪ ಹಳದಿ ಮುರಿದು ಕೊಡೋಕೆ ಬಂದ್ರೆ ಅಮ್ಮ ಕಣ್ಣು ಬಿಡೋಳು. ಪ್ರಾರ್ಥನೆ ಬೇರೆ ಮಾತ್ರೆ ಬೇರೆ ಅಂತ ನನಗೆ ಇವತ್ತಿಗೂ ಅನ್ಸಲ್ಲ.

ಬೇತ್ಸಾಯಿದದ ಕುರುಡನ ಕಥೆ ನೆನಪಿದ್ಯಾ, ಮಾರ್ಕ 8. ಯೇಸು ಒಂದ್ಸಲ ಕೈಯಿಟ್ಟಾಗ ಅವನಿಗೆ ಜನ ಮರಗಳು ನಡೆದಾಡೋ ಹಾಗೆ ಕಂಡ್ರು, ಸ್ವಾಮಿ ಇನ್ನೊಂದ್ಸಲ ಕೈಯಿಟ್ಟ ಮೇಲೇನೇ ಪೂರ್ತಿ ಕಂಡಿದ್ದು. ನೀನು ಈಗ ಆ ಮರ ಕಾಣೋ ಹಂತದಲ್ಲಿದ್ದೀಯ ಕಣೇ. ಕೆಮ್ಮು ನಿಂತ್ರೂ ಒಳಗೆ ಕ್ರಿಮಿ ಉಳ್ಕೊಂಡಿರುತ್ತೆ, ಮಧ್ಯದಲ್ಲಿ ಬಿಟ್ರೆ ಅದು ಮಾತ್ರೆಗೂ ಬಗ್ಗದ ಹಾಗೆ ಗಟ್ಟಿಯಾಗುತ್ತೆ, ಅದಕ್ಕೇ ಆರು ತಿಂಗಳು ಅನ್ನೋದು. ಹಿಜ್ಕೀಯ ರಾಜ ಸಾಯೋ ಕಾಯಿಲೇಲಿ ಗೋಡೆ ಕಡೆ ಮುಖ ಮಾಡಿ ಅತ್ತಾಗ ದೇವರು 15 ವರ್ಷ ಆಯುಸ್ಸು ಕೊಟ್ಟ, ಹಾಗಂತ ಪ್ರವಾದಿ ಯೆಶಾಯ ಸುಮ್ನಿದ್ನಾ, ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿ ಅಂದ. ಆ ಸಿಸ್ಟರ್‌ಗೆ ಯೆಶಾಯ 38 ಓದೋಕೆ ಹೇಳು. (ನೀನು ಹೇಳ್ಬೇಡ, ಜಗಳ ಆಗುತ್ತೆ, ನಾನೇ ಹೇಳ್ತೀನಿ.)

ಮೂತ್ರ ಕೆಂಪಗೆ ಹೋಗುತ್ತೆ ಅಂತ ಹೆದರಿದ್ಯಂತೆ, ಅದು ನಿನ್ ಟಿಬಿ ಮಾತ್ರೇಲಿರೋ ರಿಫಾಂಪಿಸಿನ್ ಅನ್ನೋ ಔಷಧಿ ಬಣ್ಣ, ರಕ್ತ ಅಲ್ಲ. ಆದ್ರೆ ವಾಂತಿ ನಿಲ್ಲದೆ ಕಣ್ಣು ಹಳದಿ ಆದ್ರೆ ಕಾಯ್ಬೇಡ, ಆಸ್ಪತ್ರೆಗೆ ಹೋಗು. ಸರ್ಕಾರ ತಿಂಗಳಿಗೆ 1000 ರೂಪಾಯಿ ಹಾಕುತ್ತಲ್ಲ, ಅದರಲ್ಲಿ ಮೊಟ್ಟೆ ತಗೊಂಡು ನೀನೇ ತಿನ್ನು.

ಇನ್ನೊಂದು ವಿಷಯ, ನಿಂಗೆ ಕೋಪ ಬರುತ್ತೆ, ಬರ್ಲಿ. ಯಾಕೋಬನ ಪತ್ರಿಕೇಲಿ ಸಭೆಯ ಹಿರಿಯರನ್ನ ಕರೆಸಿ ಎಣ್ಣೆ ಹಚ್ಚಿಸಿ ಪ್ರಾರ್ಥನೆ ಮಾಡಿಸಿ ಅಂತ ಇರೋದು ಎಲ್ಲರಿಗೂ ಗೊತ್ತು, ಅದರ ಮುಂದೇನೇ ಒಬ್ಬರಿಗೊಬ್ಬರು ತಪ್ಪು ಒಪ್ಕೊಳ್ಳಿ ಅಂತಾನೂ ಇದೆ, ಅಲ್ಲಿಗೆ ಬಂದ್ರೆ ನಾವೆಲ್ಲ ಪುಟ ತಿರುಗಿಸ್ತೀವಿ. ಮನೆ ಭಾಗದ ವಿಷಯಕ್ಕೆ ನಿಮ್ಮಣ್ಣನ ಹತ್ರ ಮಾತು ಬಿಟ್ಟು ಮೂರು ವರ್ಷ ಆಯ್ತು. ಅದಕ್ಕೇ ಕಾಯಿಲೆ ಬಂತು ಅಂತ ಯಾರಾದ್ರೂ ಅಂದ್ರೆ ಬಾಯಿ ಮುಚ್ಚಿಸ್ತೀನಿ, ಟಿಬಿ ಗಾಳೀಲಿ ಬರೋದು. ಆದ್ರೆ ಶ್ವಾಸಕೋಶ ಒಂದು ವಾಸಿಯಾದ್ರೆ ಸಾಕಾ? ಅವನು ನಿನ್ ರಿಪೋರ್ಟ್ ವಿಷಯ ಕೇಳಿ ನನ್ ಮನೆಗೆ ಬಂದು ಊಟ ಮಾಡ್ದೆ ಎದ್ದು ಹೋದ.

ನಾಳೆ ರಾತ್ರಿ ಏಳೂವರೆಗೆ ವೀಡಿಯೋ ಕಾಲ್ ಮಾಡ್ತೀನಿ, ಅವನೂ ಇರ್ತಾನೆ, ಕಟ್ ಮಾಡ್ಬೇಡ. ನೀನೇನೂ ಮಾತಾಡ್ಬೇಕಿಲ್ಲ, ಕೀರ್ತನೆ ನಾನು ಓದ್ತೀನಿ, ಡಾಕ್ಟರ್ ಏನಂದ್ರು ಅಂತ ಹೇಳಿ ಮಾತ್ರೆ ಶೀಟ್ ಕ್ಯಾಮೆರಾಗೆ ತೋರ್ಸು, ಅಷ್ಟು ಸಾಕು.

ನಿನ್ನ
ದೊಡ್ಡಮ್ಮ