ಅರವತ್ತೇಳರ ಮೇಲೆ ಯಾಕಿಷ್ಟು ಸಿಟ್ಟು?

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಹಿರಿಯರೊಬ್ಬರು, ಮಕ್ಕಳು ಹೊತ್ತುಗೊತ್ತಿಲ್ಲದೆ ‘ಸಿಕ್ಸ್ ಸೆವೆನ್’ ಎಂದು ಕೂಗುವುದನ್ನು ಕಂಡು ನೊಂದು ಬರೆದಿದ್ದರು. ಅದು ಯಾವುದೋ ಕೆಟ್ಟ ಬೈಗುಳ ಇರಬೇಕೆಂಬ ಅನುಮಾನ ಅವರಿಗೆ. ನಮ್ಮ ಕಾಲದಲ್ಲಿ ಇಂಥ ಅರ್ಥವಿಲ್ಲದ ಮಾತೇ ಇರಲಿಲ್ಲ ಎಂದೂ ಸೇರಿಸಿದ್ದರು. ಮನೆಯಲ್ಲಿ ಗಣಿತ ಟ್ಯೂಷನ್ ಕೊಡುವವಳು ನಾನು. ಅರವತ್ತೇಳರ ಕಾಟ ನನಗೆ ಗೊತ್ತಿರುವಷ್ಟು ಯಾರಿಗೆ ಗೊತ್ತು?

ಆರನೇ ಕ್ಲಾಸಿನವರಿಗೆ 201ನ್ನು 3ರಿಂದ ಭಾಗಿಸಲು ಕೊಟ್ಟಿದ್ದೆ. ಉತ್ತರವನ್ನು ಬೋರ್ಡಿನ ಮೇಲೆ ಬರೆದದ್ದೇ ತಡ, ಹನ್ನೊಂದು ಮಕ್ಕಳೂ ಎರಡೂ ಅಂಗೈ ಚಾಚಿ, ತಕ್ಕಡಿ ತೂಗಿದ ಹಾಗೆ ಮೇಲೆ ಕೆಳಗೆ ಆಡಿಸುತ್ತಾ ‘ಸಿಕ್ಸ್ ಸೆವೆ...ನ್’ ಎಂದು ರಾಗ ಎಳೆದರು. ನನ್ನ ಸೆರಗಿಗೆ ಏನಾದರೂ ಅಂಟಿದೆಯೋ ಎಂದು ತಿರುಗಿ ನೋಡಿಕೊಂಡೆ. ಅರ್ಥ ಕೇಳಿದರೆ ‘ಗೊತ್ತಿಲ್ಲ ಟೀಚರ್’. ಸುಳ್ಳಲ್ಲ, ನಿಜವಾಗಿಯೂ ಗೊತ್ತಿಲ್ಲ.

ಅಮೆರಿಕದ ಸ್ಕ್ರಿಲ್ಲಾ ಎಂಬ ರ‍್ಯಾಪ್ ಗಾಯಕನ ಹಾಡಿನಲ್ಲಿ ಬರುವ ಮಾತು ಅದು. ಆ ತುಣುಕನ್ನು ಬ್ಯಾಸ್ಕೆಟ್‌ಬಾಲ್ ಆಟಗಾರ ಲಮೆಲೊ ಬಾಲ್‌ನ ವಿಡಿಯೊಗಳಿಗೆ ಜೋಡಿಸಿದರು. ಆತನ ಎತ್ತರ 6 ಅಡಿ 7 ಅಂಗುಲ. 2025ರಲ್ಲಿ ಒಂದು ಪಂದ್ಯ ನೋಡಲು ಬಂದ ಹುಡುಗ ಕ್ಯಾಮೆರಾ ಮುಂದೆ ಕೈಯಾಡಿಸಿ ಅದನ್ನೇ ಕೂಗಿದ. ಅಲ್ಲಿಂದ ಹೊರಟದ್ದು ಕಾರ್ಕಳದ ನನ್ನ ಚಾವಡಿಯ ತನಕ ಬಂತು. ಡಿಕ್ಷನರಿ ಡಾಟ್ ಕಾಮ್ ಅದನ್ನು 2025ರ ವರ್ಷದ ಪದವೆಂದು ಆರಿಸಿತು. ಹಾಡಿನಲ್ಲಿರುವುದು ಬೀದಿಯ ನಂಬರೋ, ಪೊಲೀಸರ ಸಂಕೇತವೋ ಎಂದು ತಲೆ ಕೆಡಿಸಿಕೊಂಡವರಿದ್ದಾರೆ. ಹಾಡಿದವನೇ ಇಂಥದ್ದೆಂದು ಅರ್ಥ ಕೊಟ್ಟಿಲ್ಲ. ನಮ್ಮ ಮಕ್ಕಳ ಬಾಯಲ್ಲಂತೂ ಅದು ಬೈಗುಳವಲ್ಲ.

ಇನ್ನು ‘ನಮ್ಮ ಕಾಲ’. 1957ರ ‘ಆಶಾ’ ಚಿತ್ರಕ್ಕೆ ಕಿಶೋರ್ ಕುಮಾರ್ ಹಾಡಿದ ‘ಈನಾ ಮೀನಾ ಡೀಕಾ’ ಯಾವ ಕಾಲದ್ದು? ನನ್ನ ಅಪ್ಪ ಭಾನುವಾರ ಕೆನ್ನೆ ತುಂಬ ನೊರೆ ಹಚ್ಚಿಕೊಂಡು ಅದನ್ನೇ ಹಾಡುತ್ತಿದ್ದರು. ಪೂರ್ತಿ ಹಿಂದಿ ಎಂದೇ ನಾನು ನಂಬಿದ್ದೆ. ಒಮ್ಮೆ ಬೇಲಿಯಾಚೆ ಮಲ್ಲಿಗೆ ಕೊಯ್ಯುತ್ತಿದ್ದ ಪಕ್ಕದ ಮನೆಯ ಬಾಯಮ್ಮ ನಗು ತಡೆಯಲಾಗದೆ, ‘ಮಾಷ್ಟ್ರಿಗೆ ಎಂತ ಬೇಡವಂತೆ ಮಾರಾಯ್ತಿ?’ ಎಂದು ಅಮ್ಮನನ್ನು ಕೇಳಿದರು. ಹಾಡಿನ ನಡುವೆ ಬರುವ ‘ಮಾಕಾ ನಾಕಾ’ ಎಂದರೆ ಕೊಂಕಣಿಯಲ್ಲಿ ‘ನನಗೆ ಬೇಡ’! ಸಂಗೀತ ಕೊಟ್ಟ ಸಿ. ರಾಮಚಂದ್ರರ ಜೊತೆಗಿದ್ದ ಗೋವೆಯ ಸಹಾಯಕರು ಅದನ್ನು ಸೇರಿಸಿದರಂತೆ. ಉಳಿದದ್ದು, ಮಕ್ಕಳು ಆಟಕ್ಕೆ ಮೊದಲು ಎಣಿಸುವ ‘ಈನಿ ಮೀನಿ ಮೈನಿ ಮೋ’ದಿಂದ ಬಂತೆಂಬ ಕತೆ. ಆಮೇಲೆ ನಮ್ಮ ಮನೆಯಲ್ಲಿ ಹಾಗಲಕಾಯಿ ಪಲ್ಯ ಬಡಿಸಲು ಬಂದರೆ ಎಲ್ಲರದೂ ಒಂದೇ ಉತ್ತರ: ಮಾಕಾ ನಾಕಾ.

1991ರಲ್ಲಿ ‘ಸೌದಾಗರ್’ ಎಂಬ ಹಿಂದಿ ಚಿತ್ರ ಬಂದಾಗ ನಾನು ಪಿಯುಸಿ. ಅದರ ಹಾಡಿನಲ್ಲಿ ‘ಐ ಲವ್ ಯೂ’ವನ್ನು I, L, U ಎಂದು ಚುಟುಕಾಗಿಸಿದ ‘ಇಲು ಇಲು’ ನಮ್ಮ ಕಾಲೇಜಿನ ಒಂದು ಡೆಸ್ಕನ್ನೂ ಬಿಟ್ಟಿರಲಿಲ್ಲ, ಕೈವಾರದ ಮೊನೆಯಲ್ಲಿ ಕೆತ್ತಿದ್ದರು. ಒಂದು ನಾನೇ ಕೆತ್ತಿದ್ದು. ಯಾರಿಗೆಂದು ಕೇಳಬೇಡಿ. ಇನ್ನೂ ಹಿಂದೆ ಹೋದರೆ ಕೈಲಾಸಂ ಅವರ ‘ಕೋಳೀಕೆ ರಂಗ’. ಕಾನ್‌ಸ್ಟಾಂಟಿನೋಪಲ್ ಎಂಬ ಹೆಸರಿನ ಸ್ಪೆಲ್ಲಿಂಗ್ ಬಿಡಿಸಿ ಹಾಡುವ ಇಂಗ್ಲಿಷ್ ಹಾಡೊಂದರ ಧಾಟಿಯಲ್ಲಿ, ರಂಗನ ಹೆಸರನ್ನು ಸೊನ್ನೆ ಸಮೇತ ಒಡೆದು ಹಾಡಿದ್ದು. ಆ ಹಿರಿಯರೂ ಸ್ಕೂಲ್ ಡೇಯಲ್ಲಿ ಹಾಡಿರಬಹುದು.

ಇಲ್ಲಿನ ಶಾಲೆಯೊಂದರಲ್ಲಿ ‘ಸಿಕ್ಸ್ ಸೆವೆನ್’ ಅಂದವರಿಗೆ ಹತ್ತು ರೂಪಾಯಿ ದಂಡವಂತೆ. ಈಗ ಮಕ್ಕಳು ಬಾಯಿ ಬಿಗಿಹಿಡಿದು ಕೈ ಮಾತ್ರ ಆಡಿಸುತ್ತಾರೆ! ನಾನು ಹಾಗೆ ಮಾಡಲಿಲ್ಲ. ಮುಂದಿನ ಸಲ ಅರವತ್ತೇಳು ಬಂದಾಗ ಅವರಿಗಿಂತ ಮೊದಲು ನಾನೇ ಅಂಗೈ ಚಾಚಿ, ರಾಗ ಎಳೆದೆ. ಹನ್ನೊಂದು ಮುಖವೂ ಸಪ್ಪೆ. ‘ಟೀಚರ್, ನೀವು ಮಾಡ್ಬೇಡಿ’ ಎಂದು ಹಿಂದಿನ ಸಾಲಿನಿಂದ ಒಬ್ಬಳು ಬೇಡಿಕೊಂಡಳು. ಅಲ್ಲಿಗೆ ಗಲಾಟೆ ಮುಕ್ಕಾಲು ಪಾಲು ನಿಂತಿತು.

ಒಬ್ಬ ಹುಡುಗ ಮಾತ್ರ ಬಿಟ್ಟಿಲ್ಲ. ಮೊನ್ನೆ ಟೆಸ್ಟಿನಲ್ಲಿ 19ನ್ನು 4ರಿಂದ ಗುಣಿಸಲು ಕೊಟ್ಟರೆ, ದಶಕ ಕೈಗೆ ತೆಗೆದುಕೊಂಡದ್ದನ್ನೂ ಸರಿಯಾಗಿ ಬರೆದು ಕೊನೆಗೆ 67 ಎಂದು ಚೌಕ ಹಾಕಿದ್ದ. ಕರೆದು ಕೇಳಿದೆ. ‘76 ಅಂತ ಗೊತ್ತುಂಟು ಟೀಚರ್’ ಎಂದ. ಅರ್ಧ ಅಂಕ ಕೊಟ್ಟಿದ್ದೇನೆ.

— ಒಬ್ಬ ಟ್ಯೂಷನ್ ಟೀಚರ್, ಕಾರ್ಕಳ